ಕಟ್ಟಿಸಿದ ಹಲ್ಲಿಗೂ ಆರೈಕೆ ಬೇಕು



ಬಿತ್ತನೆ, ಗೊಬ್ಬರ, ಕೀಟಗಳ ವಿಷಯ ಬರೆಯುವ ಗ್ರಾಮಸೇವಕನು ಈ ಸಲ ಹಲ್ಲಿನ ವಿಷಯ ಬರೆಯಹೊರಟನಲ್ಲಾ ಎಂದು ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ಆದರೆ ಇದನ್ನು ಓದಿ ಮುಗಿಸಿದ ಮೇಲೆ, ನಿಮ್ಮ ಮನೆಯಲ್ಲಿ ಹಲ್ಲು ಕಟ್ಟಿಸಿಕೊಂಡ ಹಿರಿಯರಿದ್ದರೆ ಅವರನ್ನು ಜಗುಲಿಯ ಬೆಳಕಿಗೆ ಕರೆದು, ಸೆಟ್ಟನ್ನು ತೆಗೆಸಿ, ಬಾಯನ್ನೊಮ್ಮೆ ನೋಡಿ. ಇಷ್ಟು ಮಾಡಿದರೆ ಈ ಲೇಖನ ಬರೆದದ್ದು ಸಾರ್ಥಕವಾಯಿತೆಂದು ತಿಳಿಯುತ್ತೇನೆ.

ನಾಗರಬಾವಿ ನಿಮಗೆಲ್ಲ ಗೊತ್ತು. ಒಂದು ಕಾಲಕ್ಕೆ ಅದೂ ನಮ್ಮ ಊರುಗಳಂತೆ ಹೊಲಗದ್ದೆಗಳ ಹಳ್ಳಿಯಾಗಿತ್ತು. ಈಗ ಅದು ಬೆಂಗಳೂರಿನ ಬಡಾವಣೆ. ಒಂದು ಕಡೆ ವರ್ತುಲ ರಸ್ತೆ, ಇನ್ನೊಂದು ಕಡೆ ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ. ನಮ್ಮ ಹಳ್ಳಿಗಳ ಎಷ್ಟೋ ಮನೆಗಳ ಮಕ್ಕಳು ಅಲ್ಲಿ ನೆಲೆಸಿದ್ದಾರೆ. ಆದುದರಿಂದ ಕಣ್ಣು ತೋರಿಸಬೇಕೆಂದರೂ, ಹಲ್ಲು ಕಟ್ಟಿಸಬೇಕೆಂದರೂ ನಮ್ಮ ಹಿರಿಯರು ಮಗನ ಮನೆಗೋ ಮಗಳ ಮನೆಗೋ ಹೋಗಿ, ನಾಲ್ಕು ದಿನ ಇದ್ದು, ಕೆಲಸ ಮುಗಿಸಿಕೊಂಡು ಬರುವುದು ರೂಢಿಯಾಗಿದೆ.

ಹೀಗೆ ಹೋಗಿಬಂದ ಯಜಮಾನರೊಬ್ಬರ ಹೊಲಕ್ಕೆ ನಾನು ಮಣ್ಣಿನ ಮಾದರಿ ತೆಗೆಯಲು ಹೋಗಿದ್ದೆ. ಮೊದಲೆಲ್ಲ ದೂರದಿಂದಲೇ ಕೂಗಿ ಕರೆಯುತ್ತಿದ್ದ ಮನುಷ್ಯ ಅಂದು ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದು ಮಾತನಾಡಿದರು. ಏನೆಂದು ಕೇಳಿದೆ. “ಕಾರ ಜಾಸ್ತಿಯಾಗಿ ಅಂಗಳ ಸುಟ್ಟಿದೆ ಕಣಪ್ಪ. ಈ ಸೆಟ್ಟು ನನಗೆ ಒಗ್ಗಲಿಲ್ಲ. ದುಡ್ಡು ಹಾಳು” ಎಂದರು. ಸೆಟ್ಟು ತೆಗೆದು ತೋರಿಸಿದಾಗ ನೋಡುತ್ತೇನೆ, ಅದು ಕೂತಿದ್ದ ಜಾಗದಷ್ಟೂ ಅಂಗಳ ಕೆಂಪಡರಿತ್ತು. ಅಚ್ಚು ಒತ್ತಿದ ಹಾಗೆ, ಸೆಟ್ಟಿನ ಅಂಚು ಎಲ್ಲಿ ಮುಗಿಯುತ್ತದೆಯೋ ಅಲ್ಲಿಗೇ ಕೆಂಪೂ ಮುಗಿದಿತ್ತು. ತುಟಿಯ ಎರಡು ಮೂಲೆಗಳೂ ಬಿರುಕು ಬಿಟ್ಟಿದ್ದುವು.

ಕಾರ ತಿಂದರೆ ಬಾಯೆಲ್ಲ ಉರಿಯಬೇಕು; ಗೆರೆ ಕೊರೆದ ಹಾಗೆ ಒಂದೇ ಜಾಗ ಕೆಂಪಾಗುವುದಿಲ್ಲ. ವಿಚಾರಿಸಿದರೆ ತಿಳಿದದ್ದಿಷ್ಟು: ಎಂಟು ತಿಂಗಳಿಂದ ಆ ಸೆಟ್ಟನ್ನು ಅವರು ರಾತ್ರಿ ಒಂದು ದಿನವೂ ತೆಗೆದಿಟ್ಟಿರಲಿಲ್ಲ. “ಕಟ್ಟಿಸಿದ್ದು ಕಳಚಿಡುವುದಕ್ಕೇ?” ಎಂಬುದು ಅವರ ಪ್ರಶ್ನೆ. ವೈದ್ಯರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡವರು ಮಗಳು. ಅವರು ಉಳಿದದ್ದು ನಾಗರಬಾವಿಯಲ್ಲಿ. ಯಜಮಾನರು ಬಂದದ್ದು ಊರಿಗೆ. ನಡುವೆ ಮಾತು ದಾರಿಯಲ್ಲಿಯೇ ಉಳಿಯಿತು. ಆ ಮಾತನ್ನು ಊರಿಗೆ ತಲಪಿಸುವುದೇ ಈ ಲೇಖನದ ಉದ್ದೇಶ.

ಕಲ್ಲಿನಂತೆ ಕಂಡರೂ ಕಲ್ಲಲ್ಲ

“ಇದು ಹುಳುಕು ಹಿಡಿಯುವ ಹಲ್ಲಲ್ಲ, ಇದಕ್ಕೇಕೆ ತೊಳೆಯುವ ಗೊಡವೆ?” ಎಂದು ಕೆಲವರು ಕೇಳುತ್ತಾರೆ. ಹುಳುಕು ಹಿಡಿಯುವುದಿಲ್ಲವೆಂಬುದು ನಿಜ. ಆದರೆ ಕೊಳೆ ಹಿಡಿಯುವುದಿಲ್ಲವೇ? ಎಮ್ಮೆ ನೀರು ಕುಡಿಯುವ ಕಲ್ಲಿನ ತೊಟ್ಟಿಯನ್ನು ನಾಲ್ಕು ದಿನ ಉಜ್ಜದೆ ಬಿಡಿ. ಒಳಗೋಡೆ ಮುಟ್ಟಿದರೆ ಲೋಳೆ ಕೈಗೆ ಹತ್ತುತ್ತದೆ. ಕಲ್ಲು ಕೊಳೆಯಲಿಲ್ಲ, ಕಲ್ಲಿನ ಮೇಲೆ ಜೀವಾಣುಗಳು ಬೆಳೆದವು. ಸೆಟ್ಟಿನ ಮೇಲೂ ಇದೇ ನಡೆಯುತ್ತದೆ.

ಇಂದು ಬಹುಪಾಲು ಸೆಟ್ಟುಗಳನ್ನು ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಬಹುಕಾಲ ಗಡಸು ರಬ್ಬರಿನ ಸೆಟ್ಟುಗಳು ಬಳಕೆಯಲ್ಲಿದ್ದುವು. 1930ರ ದಶಕದ ಕೊನೆಯಲ್ಲಿ ಅಕ್ರಿಲಿಕ್ ಬಂದು ಅದರ ಸ್ಥಾನ ಹಿಡಿಯಿತು. ಅಕ್ರಿಲಿಕ್ ಹಗುರ, ಒಸಡಿನ ಬಣ್ಣಕ್ಕೆ ಒಪ್ಪುತ್ತದೆ, ಮುರಿದರೆ ಸರಿಪಡಿಸಬಹುದು. ಆದರೆ ಅದರ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಅನ್ನದ ಅಗುಳಿನ ಪಸೆ, ಜೊಲ್ಲು, ಜೀವಾಣು ಎಲ್ಲವೂ ಅಲ್ಲಿ ಮನೆ ಮಾಡುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಕ್ಯಾಂಡಿಡಾ ಎಂಬ ಒಂದು ಬಗೆಯ ಬೂಷ್ಟು. ಅನೇಕ ಆರೋಗ್ಯವಂತರ ಬಾಯಲ್ಲಿಯೂ ಇದು ಸ್ವಲ್ಪಮಟ್ಟಿಗೆ ಇರುತ್ತದೆ, ಮಿತಿಯಲ್ಲಿದ್ದರೆ ತೊಂದರೆಯಿಲ್ಲ.

ಬೂಷ್ಟು ಬೆಳೆಯಲು ಏನು ಬೇಕೆಂದು ರೈತರಿಗೆ ಹೇಳಬೇಕಾಗಿಲ್ಲ. ಬೆಚ್ಚಗಿರಬೇಕು, ತೇವವಿರಬೇಕು, ಗಾಳಿ ಆಡಬಾರದು. ಒದ್ದೆ ಕಡಲೆಕಾಯಿಯನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿಟ್ಟರೆ ಏನಾಗುವುದೋ, ಹಗಲೂ ರಾತ್ರಿಯೂ ಸೆಟ್ಟಿನಡಿ ಮುಚ್ಚಿಹೋದ ಅಂಗಳಕ್ಕೂ ಅದೇ ಆಗುವುದು. ಎಚ್ಚರವಾಗಿರುವಾಗ ಜೊಲ್ಲು ಹರಿದು ಬಾಯನ್ನು ತೊಳೆಯುತ್ತಿರುತ್ತದೆ. ನಿದ್ರೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಬೂಷ್ಟಿಗೆ ಇನ್ನೂ ಅನುಕೂಲ. ಯಜಮಾನರ ಅಂಗಳದ ಕೆಂಪಿಗೆ ಕಾರಣ ಇದೇ. ಅನೇಕರಿಗೆ ಇದರಿಂದ ನೋವೇ ಇರುವುದಿಲ್ಲ. ಆದುದರಿಂದಲೇ ತೆಗೆದು ನೋಡದ ಹೊರತು ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆಯವರಿಗೂ, ಬಾಯಿ ಒಣಗುವವರಿಗೂ, ಉಬ್ಬಸಕ್ಕೆ ಔಷಧವನ್ನು ಬಾಯಿಂದ ಎಳೆದುಕೊಳ್ಳುವವರಿಗೂ ಇದು ಬರುವ ಸಂಭವ ಹೆಚ್ಚು. ಉಬ್ಬಸದ ಔಷಧ ಎಳೆದುಕೊಂಡ ಮೇಲೆ ಪ್ರತಿ ಸಲವೂ ಬಾಯಿ ಮುಕ್ಕಳಿಸಬೇಕು.

ರಾತ್ರಿ ತೆಗೆದಿಡುವುದು ಏಕೆ?

ದಿನವೆಲ್ಲ ನೊಗ ಹೊತ್ತ ಎತ್ತಿನ ಹೆಗಲಿಗೆ ರಾತ್ರಿ ಬಿಡುವು ಕೊಡುತ್ತೇವೆ. ಒಸಡಿಗೂ ಆ ಬಿಡುವು ಬೇಕು. ಆದರೆ ಕಾರಣ ಇದೊಂದೇ ಅಲ್ಲ. ಸೆಟ್ಟಿನ ಮೇಲೆ ಬೆಳೆದ ಜೀವಾಣುಗಳು ನಿದ್ರೆಯಲ್ಲಿ ಜೊಲ್ಲಿನೊಡನೆ ಶ್ವಾಸಕೋಶಕ್ಕೆ ಇಳಿಯಬಹುದು. ಜಪಾನಿನ ಟೋಕಿಯೋ ನಗರದಲ್ಲಿ 85 ವರ್ಷ ದಾಟಿದ 524 ಮಂದಿ ವೃದ್ಧರನ್ನು ಮೂರು ವರ್ಷ ಕಾಲ ಗಮನಿಸಿ, 2015ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಸೆಟ್ಟು ಹಾಕಿಕೊಂಡೇ ಮಲಗುತ್ತಿದ್ದವರಲ್ಲಿ ನ್ಯುಮೋನಿಯಾ ಬರುವ ಸಂಭವ ಎರಡು ಪಟ್ಟಿಗೂ ಮಿಗಿಲಾಗಿತ್ತು. ನಾಲಿಗೆಯ ಮೇಲೆ ಕೊಳೆ, ಒಸಡಿನ ಊತ ಇವೂ ಅವರಲ್ಲಿಯೇ ಹೆಚ್ಚಾಗಿ ಕಂಡವು. ಮುಪ್ಪಿನಲ್ಲಿ ನ್ಯುಮೋನಿಯಾ ಎಂದರೆ ಸಣ್ಣ ಕಾಯಿಲೆಯಲ್ಲ. ರಾತ್ರಿ ಒಂದು ಲೋಟ ನೀರು, ಎರಡು ನಿಮಿಷದ ಶ್ರಮ: ಇಷ್ಟರಿಂದ ಆ ಅಪಾಯವನ್ನು ಕಡಿಮೆ ಮಾಡಿಕೊಳ್ಳುವ ದಾರಿ ಇರುವಾಗ ಬಿಡುವುದೇಕೆ?

ತೊಳೆಯುವ ಕ್ರಮ

1. ಪ್ರತಿ ಊಟದ ನಂತರ ಸೆಟ್ಟನ್ನು ತೆಗೆದು ತಣ್ಣೀರಿನಲ್ಲಿ ಅಲುಬಿ, ಬಾಯನ್ನೂ ಮುಕ್ಕಳಿಸಿ, ಮತ್ತೆ ಹಾಕಿಕೊಳ್ಳಿ. ಹೊಲದಲ್ಲಿದ್ದರೆ ಕುಡಿಯುವ ನೀರೇ ಸಾಕು.

2. ರಾತ್ರಿ ಮಲಗುವ ಮುನ್ನ ಮೃದುವಾದ ಬ್ರಷ್ಷಿನಿಂದ, ಸಾಧಾರಣ ಕೈ ತೊಳೆಯುವ ಸೋಪು ಮತ್ತು ನೀರು ಬಳಸಿ ಉಜ್ಜಿ. ಎಲ್ಲರೂ ಹೊರಗೆ ಕಾಣುವ ಹಲ್ಲನ್ನು ಉಜ್ಜುತ್ತಾರೆ. ಕೊಳೆ ಹೆಚ್ಚಾಗಿ ಕೂರುವುದು ಒಸಡಿಗೆ ತಗಲುವ ಒಳಮೈಯಲ್ಲಿ. ಅದನ್ನು ಮರೆಯಬಾರದು. ಆಮೇಲೆ ಸೋಪು ಹೋಗುವಂತೆ ಚೆನ್ನಾಗಿ ತೊಳೆಯಬೇಕು.

3. ತೊಳೆಯುವಾಗ ಕೆಳಗೆ ನೀರು ತುಂಬಿದ ಬೋಗುಣಿಯನ್ನೋ ಮಡಿಸಿದ ಬಟ್ಟೆಯನ್ನೋ ಇಟ್ಟುಕೊಳ್ಳಿ. ಬಚ್ಚಲ ಕಲ್ಲಿನ ಮೇಲೆ ಬಿದ್ದ ಸೆಟ್ಟು ಒಂದೇ ಏಟಿಗೆ ಎರಡಾಗುತ್ತದೆ. ಕೆಳಗಿನ ಸೆಟ್ಟು ಲಾಳದ ಆಕಾರದಲ್ಲಿರುವುದರಿಂದ ಅಂಗೈಯಲ್ಲಿ ಬಿಗಿಯಾಗಿ ಹಿಸುಕಿದರೂ ನಡುವೆ ಮುರಿಯಬಹುದು.

4. ತೊಳೆದ ಸೆಟ್ಟನ್ನು ಮುಚ್ಚಳವಿರುವ ಡಬ್ಬಿಯಲ್ಲಿ, ಮುಳುಗುವಷ್ಟು ತಣ್ಣೀರಿನಲ್ಲಿಡಿ. ಒಣಗಲು ಬಿಟ್ಟರೆ ಅದರ ಆಕಾರ ಕೆಡಬಹುದು. ಕಾಗದದಲ್ಲಿ ಸುತ್ತಿ ದಿಂಬಿನ ಕೆಳಗೆ, ಗೂಡಿನಲ್ಲಿ ಇಡಬೇಡಿ. ಕಸವೆಂದು ಗುಡಿಸಿ ಎಸೆದದ್ದುಂಟು, ನಾಯಿ ಕಚ್ಚಿಕೊಂಡು ಹೋದದ್ದೂ ಉಂಟು. ಡಬ್ಬಿಯ ನೀರನ್ನು ದಿನವೂ ಚೆಲ್ಲಿ ಹೊಸದು ಹಾಕಬೇಕು, ಡಬ್ಬಿಯನ್ನೂ ತೊಳೆಯಬೇಕು.

5. ಸೆಟ್ಟು ತೆಗೆದ ಮೇಲೆ ಬಾಯನ್ನು ಮರೆಯಬೇಡಿ. ಒದ್ದೆ ಮಾಡಿದ ಶುಭ್ರವಾದ ಮೆತ್ತನೆಯ ಬಟ್ಟೆಯನ್ನು ಬೆರಳಿಗೆ ಸುತ್ತಿ ಒಸಡು, ಅಂಗಳ, ನಾಲಿಗೆಗಳನ್ನು ನಯವಾಗಿ ಒರಸಿ.

6. ಬೆಳಿಗ್ಗೆ ಹಾಕಿಕೊಳ್ಳುವ ಮುನ್ನ ಇನ್ನೊಮ್ಮೆ ನೀರಿನಲ್ಲಿ ತೊಳೆಯಿರಿ.

ಔಷಧಿ ಅಂಗಡಿಯಲ್ಲಿ ಸೆಟ್ಟು ತೊಳೆಯುವ ಮಾತ್ರೆಗಳು ದೊರೆಯುತ್ತವೆ. ಅವು ನೀರಿಗೆ ಹಾಕುವಂಥವು, ನುಂಗುವಂಥವಲ್ಲ. ಮನೆಯಲ್ಲಿ ಎಲ್ಲರಿಗೂ ಇದನ್ನು ತಿಳಿಸಿರಬೇಕು. ಮಾತ್ರೆ ಬಳಸಿದರೂ ಬ್ರಷ್ಷಿನಿಂದ ಉಜ್ಜುವುದು ತಪ್ಪದು. ಬಾಯಿಗಿಡುವ ಮುನ್ನ ಚೆನ್ನಾಗಿ ತೊಳೆಯುವುದೂ ತಪ್ಪದು.

ಮಾಡಬಾರದ ಕೆಲಸಗಳು

ಇದ್ದಿಲು, ಇಟ್ಟಿಗೆ ಪುಡಿ, ಬೂದಿ, ಉಪ್ಪು, ಪಾತ್ರೆ ಉಜ್ಜುವ ಪುಡಿಗಳಿಂದ ಸೆಟ್ಟನ್ನು ತಿಕ್ಕಬೇಡಿ. ಆ ದಿನ ಬೆಳ್ಳಗೆ ಹೊಳೆಯುವುದು ನಿಜ. ಆದರೆ ಮೈಯೆಲ್ಲ ಗೀರು ಬಿದ್ದು, ಒಂದೊಂದು ಗೀರಿನಲ್ಲಿಯೂ ಕೊಳೆ ಕೂರುತ್ತದೆ. ಸಾಧಾರಣ ಹಲ್ಲಿನ ಪೇಸ್ಟು ಕೂಡ ಸೆಟ್ಟಿಗೆ ಒರಟು.

ಕುದಿಯುವ ನೀರಿಗೆ ಹಾಕಬೇಡಿ. ಹಾಲಿನ ಪಾತ್ರೆಯನ್ನು ಬಿಸಿನೀರಿನಲ್ಲಿ ತೊಳೆಯುವುದು ಒಳ್ಳೆಯ ಅಭ್ಯಾಸ. ಸೆಟ್ಟಿಗೆ ಅದೇ ಅಪಾಯ. ಬಿಸಿಗೆ ಅಕ್ರಿಲಿಕ್ ಸೊಟ್ಟಗಾಗುತ್ತದೆ, ಆಮೇಲೆ ಬಾಯಿಗೆ ಕೂರುವುದಿಲ್ಲ.

ಅಂಚು ಚುಚ್ಚುತ್ತದೆಂದು ಅರದಿಂದಲೋ ಚಾಕುವಿನಿಂದಲೋ ನೀವೇ ಕೆರೆಯಬೇಡಿ. ಮುರಿದರೆ ಅಂಗಡಿಯ ಅಂಟು ಹಾಕಿ ಕೂಡಿಸಬೇಡಿ. ಆ ಅಂಟು ಬಾಯಿಗೆ ಒಳ್ಳೆಯದಲ್ಲ. ಮೇಲಾಗಿ ಕೂದಲೆಳೆಯಷ್ಟು ಆಚೀಚೆ ಕೂಡಿಕೊಂಡರೂ ಒಸಡು ಗಾಯವಾಗುತ್ತದೆ. ಎರಡೂ ತುಂಡುಗಳನ್ನು ಜೋಪಾನವಾಗಿ ತೆಗೆದುಕೊಂಡು ಹಲ್ಲಿನ ವೈದ್ಯರ ಬಳಿಗೆ ಹೋಗಿ.

ಕೆಲವು ಹಲ್ಲು ಮಾತ್ರ ಕಟ್ಟಿಸಿದವರಿಗೆ

ನಾಲ್ಕಾರು ಸ್ವಂತ ಹಲ್ಲುಗಳಿದ್ದು, ನಡುವಿನ ತೆರಪಿಗೆ ಮಾತ್ರ ತೆಗೆದು ಹಾಕುವ ಹಲ್ಲು ಕಟ್ಟಿಸಿದವರು ಇನ್ನೂ ಹೆಚ್ಚು ಎಚ್ಚರವಾಗಿರಬೇಕು. ಅದನ್ನು ಹಿಡಿದು ನಿಲ್ಲಿಸುವುದು ಪಕ್ಕದ ಸ್ವಂತ ಹಲ್ಲುಗಳು. ಕೊಕ್ಕೆ ತಗಲುವ ಜಾಗದಲ್ಲಿ ಅನ್ನ ಸಿಕ್ಕಿ, ಆ ಹಲ್ಲುಗಳು ಹುಳುಕಾಗುವ ಸಂಭವ ಹೆಚ್ಚು. ಗೂಟ ಕೊಳೆತರೆ ಬೇಲಿ ನಿಲ್ಲುವುದಿಲ್ಲ. ಆದುದರಿಂದ ಉಳಿದಿರುವ ಹಲ್ಲುಗಳನ್ನು ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆ ಎರಡು ಸಲ ಉಜ್ಜಬೇಕು. ಒಂದೆರಡು ಹಲ್ಲಿನ ಸಣ್ಣ ಸೆಟ್ಟು ನಿದ್ರೆಯಲ್ಲಿ ಗಂಟಲಿಗೆ ಜಾರಬಹುದು. ಅದನ್ನಂತೂ ರಾತ್ರಿ ತೆಗೆದೇ ಇಡಬೇಕು. ಶಸ್ತ್ರಚಿಕಿತ್ಸೆಗೆ ಹೋಗುವಾಗ ಕಟ್ಟಿಸಿದ ಹಲ್ಲಿದೆಯೆಂದು ಮೊದಲೇ ಹೇಳಬೇಕು.

“ಮುದ್ದೆಗೆ ಹಲ್ಲೇಕೆ?”

ನಮ್ಮ ಸೀಮೆಯ ಹಿರಿಯರು ಈ ಮಾತನ್ನು ಹೆಮ್ಮೆಯಿಂದ ಆಡುತ್ತಾರೆ. ಮುದ್ದೆಯನ್ನು ನುಂಗುವುದೇ ಹೊರತು ಅಗಿಯುವ ಪದ್ಧತಿಯಿಲ್ಲ. ಹಲ್ಲಿಲ್ಲದಿದ್ದರೂ ಹೊಟ್ಟೆ ತುಂಬುತ್ತದೆ. ಆದರೆ ಹಲ್ಲು ಹೋದವರ ತಟ್ಟೆಯನ್ನು ಒಂದು ವಾರ ಗಮನಿಸಿ ನೋಡಿ. ಮುದ್ದೆ ಇರುತ್ತದೆ, ತಿಳಿಸಾರು ಇರುತ್ತದೆ. ಅವರೆಕಾಳು ಪಕ್ಕಕ್ಕೆ ಸರಿದಿರುತ್ತದೆ. ಸೊಪ್ಪಿನ ಪಲ್ಯ ಉಳಿದಿರುತ್ತದೆ. ಮೂಲಂಗಿ, ಸೌತೆ, ಸೀಬೆ, ಬಾಡು ಒಂದೊಂದಾಗಿ ಬಿಟ್ಟುಹೋಗಿರುತ್ತವೆ. ಹೀಗೆ ಮೈಗೆ ಬೇಕಾದ ಪೌಷ್ಟಿಕಾಂಶ ತಪ್ಪಿ, ನಾರು ತಪ್ಪಿ, ಮಲಬದ್ಧತೆ, ನಿಶ್ಶಕ್ತಿಗಳು ಬರುತ್ತವೆ. ನಾವು “ವಯಸ್ಸಾಯಿತು” ಎಂದು ಸುಮ್ಮನಾಗುತ್ತೇವೆ.

ಸೆಟ್ಟು ಹಾಕಿಸಿದ ಕೂಡಲೆ ಕಬ್ಬು ಸಿಗಿಯಬಹುದೆಂದು ಮಾತ್ರ ತಿಳಿಯಬೇಡಿ. ಪೂರ್ತಿ ಸೆಟ್ಟಿನಲ್ಲಿ ಅಗಿಯುವ ಶಕ್ತಿ ಸ್ವಂತ ಹಲ್ಲಿನ ಶಕ್ತಿಗಿಂತ ಬಹಳ ಕಡಿಮೆ. ಮೊದಲ ವಾರಗಳಲ್ಲಿ ಮೆತ್ತನೆಯ ಪದಾರ್ಥಗಳನ್ನು ಸಣ್ಣದಾಗಿ ಮಾಡಿಕೊಂಡು, ಎರಡೂ ಕಡೆ ಸಮನಾಗಿ ಅಗಿಯಬೇಕು. ಒಂದೇ ಕಡೆ ಅಗಿದರೆ ಇನ್ನೊಂದು ಕಡೆ ಎದ್ದುಬರುತ್ತದೆ. ತಕ್ಕಡಿಯ ಒಂದೇ ತಟ್ಟೆಗೆ ಭಾರ ಹಾಕಿದ ಹಾಗೆ. ಮುಂದಿನ ಹಲ್ಲಿನಿಂದ ಕಚ್ಚಿ ಎಳೆಯಬಾರದು. ಮೊದಮೊದಲು ಜೊಲ್ಲು ಹೆಚ್ಚು ಬರುವುದು, ಮಾತು ತೊದಲುವುದು ಸಹಜ. ದಿನವೂ ಪತ್ರಿಕೆಯನ್ನು ಗಟ್ಟಿಯಾಗಿ ಓದಿದರೆ ನಾಲಿಗೆ ಬೇಗ ಪಳಗುತ್ತದೆ. ಮೊಮ್ಮಕ್ಕಳಿಂದ ಓದಿಸಿ ಹಿಂದೆ ಹೇಳಿಕೊಂಡರೂ ಆದೀತು.

ಸಡಿಲವಾಗುವುದೇಕೆ?

ಹಲ್ಲು ಕಿತ್ತ ಮೇಲೆ ಅದನ್ನು ಹಿಡಿದಿದ್ದ ದವಡೆಯ ಮೂಳೆ ವರ್ಷ ವರ್ಷಕ್ಕೂ ಸವೆಯುತ್ತ ಹೋಗುತ್ತದೆ. ಮರದ ಬೇರು ಹೋದ ಬದುವಿನ ಮಣ್ಣು ಮಳೆಗೆ ಕರಗುವ ಹಾಗೆ. ಮೊದಲ ವರ್ಷ ಸವೆತ ಹೆಚ್ಚು. ಸೆಟ್ಟು ಮೊದಲಿದ್ದ ಹಾಗೆಯೇ ಇರುತ್ತದೆ. ಅದರ ಕೆಳಗಿನ ನೆಲ ಬದಲಾಗುತ್ತದೆ. ಆದುದರಿಂದ “ವೈದ್ಯರು ಸರಿಯಾಗಿ ಮಾಡಲಿಲ್ಲ” ಎಂದು ದೂರಿ ಮೂಲೆಗೆಸೆಯುವ ಮೊದಲು ಅವರಿಗೊಮ್ಮೆ ತೋರಿಸಿ. ಒಳಮೈಗೆ ಹೊಸ ಪದರ ಕೊಟ್ಟು ಬಿಗಿ ಮಾಡುವ ಕ್ರಮವಿದೆ. ಏನೂ ತೊಂದರೆಯಿಲ್ಲದಿದ್ದರೂ ವರ್ಷಕ್ಕೊಮ್ಮೆ ತೋರಿಸಬೇಕು. ಐದಾರು ವರ್ಷಗಳಾದ ಮೇಲೆ ಹೊಸದು ಬೇಕೇ ಎಂದು ಕೇಳಬೇಕು. ನೋಯುವ ಜಾಗ ತೋರಿಸಲು ಹೋಗುವಾಗ ಹಿಂದಿನ ದಿನ ಸೆಟ್ಟನ್ನು ಸ್ವಲ್ಪ ಹೊತ್ತು ಹಾಕಿಕೊಂಡಿರಿ. ಎಲ್ಲಿ ಒತ್ತುತ್ತದೆಂಬ ಗುರುತು ವೈದ್ಯರಿಗೆ ಕಾಣುತ್ತದೆ.

ಒಂದು ಮುಖ್ಯವಾದ ಎಚ್ಚರಿಕೆ

ಈಗ ಹೇಳುವುದು ನನ್ನ ಮನೆಯ ಮಾತು. ನನ್ನ ತಾತ ಎಲೆ ಅಡಿಕೆ, ಹೊಗೆಸೊಪ್ಪು ಹಾಕುತ್ತಿದ್ದರು. ಕೆಳಗಿನ ಸೆಟ್ಟಿನ ಅಂಚಿಗೆ, ಕೆನ್ನೆಯ ಒಳಗೆ ಒಂದು ಹುಣ್ಣಾಯಿತು. ಸೆಟ್ಟು ತಗುಲಿ ಆದ ಗಾಯ, ತಾನೇ ಮಾಗುತ್ತದೆ ಎಂದು ಅವರೂ ಅಂದರು, ನಾವೂ ಅಂದೆವು. ತುಪ್ಪ ಸವರಿದೆವು. ಸುಗ್ಗಿ ಮುಗಿಯಲಿ ಎಂದೆವು. ನಾನು ಆಗ ತಾನೇ ಡಿಪ್ಲೊಮಾ ಮುಗಿಸಿ ಬಂದಿದ್ದೆ. ಎಲೆಯ ಮೇಲೊಂದು ಚುಕ್ಕೆ ಕಂಡರೆ ರೋಗದ ಹೆಸರು ಹೇಳುತ್ತಿದ್ದವನು ತಾತನ ಬಾಯನ್ನು ಬೆಳಕಿಗೆ ಹಿಡಿದು ನೋಡಲಿಲ್ಲ. ನಾಲ್ಕು ತಿಂಗಳ ಮೇಲೆ ತೋರಿಸಿದಾಗ ಅದು ಕ್ಯಾನ್ಸರ್ ಎಂದು ತಿಳಿಯಿತು. ಮುಂದಿನ ಸುಗ್ಗಿಗೆ ತಾತ ಇರಲಿಲ್ಲ.

ಇದನ್ನು ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ. ಸೆಟ್ಟು ತಗುಲಿ ಆಗುವ ಹುಣ್ಣುಗಳು ಬಹುಪಾಲು ಸಾಮಾನ್ಯ ಗಾಯಗಳೇ. ಅಂಚು ಸರಿಪಡಿಸಿದರೆ ಒಂದೆರಡು ವಾರಗಳಲ್ಲಿ ಮಾಯುತ್ತವೆ. ಲೆಕ್ಕವಿಡಬೇಕಾದದ್ದು ಇಷ್ಟೇ: ಬಾಯಲ್ಲಿ ಯಾವುದೇ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಂಟು ಎರಡು ವಾರಗಳಲ್ಲಿ ಹೋಗದಿದ್ದರೆ, ನೋವಿರಲಿ ಬಿಡಲಿ, ವೈದ್ಯರಿಗೆ ತೋರಿಸಬೇಕು. ಹೊಗೆಸೊಪ್ಪು, ಅಡಿಕೆ, ಬೀಡಿ, ಹೆಂಡಗಳ ಅಭ್ಯಾಸವಿದ್ದವರು ಒಂದು ದಿನವೂ ತಡಮಾಡಬಾರದು. ಬೇಗ ಕಂಡುಹಿಡಿದ ಬಾಯಿಯ ಕ್ಯಾನ್ಸರನ್ನು ಗುಣಪಡಿಸಬಹುದು. ಇದರ ಚಿಕಿತ್ಸೆಗೆ 1973ರಲ್ಲಿ ಆರಂಭವಾದ ಕಿದ್ವಾಯಿ ಗಂಥಿ ಸಂಸ್ಥೆ ನಮ್ಮ ಬೆಂಗಳೂರಿನಲ್ಲಿಯೇ ಇದೆ. ಹಲ್ಲೆಲ್ಲ ಹೋದ ಮೇಲೆ ಹಲ್ಲಿನ ವೈದ್ಯರ ಬಳಿ ಏನು ಕೆಲಸ ಎಂದುಕೊಳ್ಳುವವರು ಇದನ್ನು ಮರೆಯಬಾರದು. ಅವರು ನೋಡುವುದು ಹಲ್ಲನ್ನು ಮಾತ್ರವಲ್ಲ, ಇಡೀ ಬಾಯನ್ನು.

ಎಲ್ಲಿಗೆ ಹೋಗಬೇಕು?

ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಲ್ಲವೇ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ಕೋಟೆಯ ಬಳಿ, ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಮೈಸೂರು ರಸ್ತೆಯ ಕಡೆಯವರಿಗೆ ಕುಂಬಳಗೋಡಿನ ಹತ್ತಿರವೂ ಒಂದು ದಂತ ವೈದ್ಯಕೀಯ ಕಾಲೇಜಿದೆ. ಕಾಲೇಜುಗಳಲ್ಲಿ ನಾಲ್ಕೈದು ಸಲ ಬರಹೇಳುತ್ತಾರೆ. ಬಾಯಿಯ ಅಚ್ಚು ತೆಗೆಯಲು, ದವಡೆಯ ಅಳತೆಗೆ, ಹಲ್ಲು ಜೋಡಿಸಿ ನೋಡಲು ಒಂದೊಂದು ದಿನ ಬೇಕು; ಬೇಸರಪಡಬಾರದು. ಬಡತನದ ರೇಖೆಗಿಂತ ಕೆಳಗಿರುವ ಹಿರಿಯರಿಗೆ ಪುಕ್ಕಟೆಯಾಗಿ ಸೆಟ್ಟು ಕೊಡಿಸಲು ಕರ್ನಾಟಕ ಸರ್ಕಾರವು 2014-15ರ ಸುಮಾರಿಗೆ ದಂತಭಾಗ್ಯ ಯೋಜನೆಯನ್ನು ತಂದಿತು. ಈಗಿನ ನಿಯಮಗಳೇನು, ಯಾವ ಕಾಗದ ಬೇಕು ಎಂಬುದನ್ನು ಹೋಗುವ ಮುನ್ನವೇ ಆಶಾ ಕಾರ್ಯಕರ್ತೆಯರ ಮೂಲಕ ತಿಳಿದುಕೊಂಡು, ಪಡಿತರ ಚೀಟಿಯನ್ನು ಜೊತೆಗೆ ಒಯ್ಯಿರಿ.

ಮನೆಯವರಿಗೆ ಒಂದು ಮಾತು. ಕೈ ನಡುಗುವ, ಹಾಸಿಗೆ ಹಿಡಿದ ಹಿರಿಯರ ಸೆಟ್ಟನ್ನು ತೊಳೆಯುವ ಕೆಲಸ ಮನೆಯ ಸೊಸೆಯೊಬ್ಬಳದೇ ಅಲ್ಲ. ಮಗನೂ ತೊಳೆಯಲಿ, ಮೊಮ್ಮಗನೂ ಕಲಿಯಲಿ. ಕೈ ತೊಳೆದುಕೊಂಡು, ಹಿರಿಯರನ್ನು ಒರಗಿಸಿ ಕೂರಿಸಿ, ನಿಧಾನವಾಗಿ ತೆಗೆಯಬೇಕು. ಮಕ್ಕಳು ಅದನ್ನು ನೋಡಿ ನಕ್ಕರೆ ಗದರಿಸಿ. ನಾಚಿಕೆಯಿಂದಲೇ ಎಷ್ಟೋ ಮಂದಿ ರಾತ್ರಿ ತೆಗೆಯುವುದಿಲ್ಲ.

ಮೊದಲು ಹೇಳಿದ ಯಜಮಾನರ ವಿಷಯ ಮುಗಿಸುತ್ತೇನೆ. ಮರುವಾರವೇ ಅವರು ವೈದ್ಯರಿಗೆ ತೋರಿಸಿದರು. ಬೂಷ್ಟಿಗೆ ಔಷಧ ಕೊಟ್ಟರು. ಬಾಯಿಗೆ ಮಾತ್ರ ಔಷಧ ಹಾಕಿ ಸೆಟ್ಟನ್ನು ಶುಚಿಮಾಡದಿದ್ದರೆ, ರೋಗವಿದ್ದ ಬೀಜವನ್ನೇ ಮತ್ತೆ ಬಿತ್ತಿದ ಹಾಗೆ ಬೇನೆ ಮರಳುತ್ತದೆಂದು ತಿಳಿಸಿ, ಎರಡಕ್ಕೂ ಕ್ರಮ ಹೇಳಿದರು. ಯಜಮಾನರು ಅದರಂತೆ ನಡೆದರು. ಕಳೆದ ಕಾರ್ತಿಕದಲ್ಲಿ ಬಸವನಗುಡಿಯ ಕಡಲೆಕಾಯಿ ಪರಿಷೆಯಿಂದ ಬರುವಾಗ ಬಸ್ಸಿನಲ್ಲಿ ಸಿಕ್ಕಿದ್ದರು. ಮೊಮ್ಮಗ ಸುಲಿದು ಕೊಟ್ಟ ಬೇಯಿಸಿದ ಕಡಲೆಕಾಯಿಯನ್ನು ಎರಡೂ ಕಡೆ ಸಮನಾಗಿ ಅಗಿಯುತ್ತಿದ್ದರು. ಬಾಯಿಗೆ ಟವೆಲ್ಲು ಅಡ್ಡವಿರಲಿಲ್ಲ.

ಇಂದು ರಾತ್ರಿಯೇ ನಿಮ್ಮ ಮನೆಯಲ್ಲಿಯೂ ಒಂದು ಡಬ್ಬಿಗೆ ನೀರು ತುಂಬಿಸಿ ಇಡಿ.

— ನಿಮ್ಮ ಗ್ರಾಮಸೇವಕ